ಕ್ಯೋಟೊ ಮಳೆಯಲ್ಲಿ ನಮ್ಮ ಮನೆಯ ಡಬ್ಬಿ

ನಮ್ಮ ಯಜಮಾನರ ಜೊತೆ ಮನೆಯಿಂದ ಹೊರಗೆ ಕಾಲಿಟ್ಟರೆ ಏನಾದರೊಂದು ಆಗಿಯೇ ಆಗುತ್ತದೆ. ಇಂಡಿಯನ್ ಅಂಗಡಿಗೆ ಕೊತ್ತಂಬರಿ ಸೊಪ್ಪು ತರಲು ಹೋದರೂ ಆಗುತ್ತದೆ, ಜಪಾನಿಗೆ ಹೋದರೂ ಆಗುತ್ತದೆ. ಆಗುವುದು ಆಗಲಿ ಬಿಡಿ. ಆಮೇಲೆ ಅದನ್ನು ಇವರು ನಾಲ್ಕು ಜನರ ಮುಂದೆ ಹೇಳುವ ರೀತಿ ಇದೆಯಲ್ಲ, ನನಗೆ ಮೈ ಉರಿಯುವುದು ಅದಕ್ಕೆ. ಕ್ಯೋಟೊದಲ್ಲಿ ನಾವು ಕಳೆದ ಒಂದು ಮಳೆಯ ದಿನದ ಕಥೆಯನ್ನು ಇವರು ಈಗಾಗಲೇ ಇಲ್ಲಿ ನ್ಯೂಜೆರ್ಸಿಯಲ್ಲಿ, ಮನೆಗೊಂದು ಅಡಿಗೆ ತಂದು ಕೂಡಿ ಉಣ್ಣುವ ಸಮರ್‌ಸೆಟ್‌ನ ಎರಡು ಪಾಟ್‌ಲಕ್‌ಗಳಲ್ಲಿ ಹೇಳಿದ್ದಾರೆ. ಕೆಂಡಲ್ ಪಾರ್ಕಿನ ನಮ್ಮ ಮನೆಯಲ್ಲೇ ನಡೆದ ಸತ್ಯನಾರಾಯಣ ಪೂಜೆಯ ದಿನ ಇನ್ನೊಮ್ಮೆ ಹೇಳಿದ್ದಾರೆ. ಮೂರು ಸಲವೂ ಇವರೇ ಹೀರೋ. ನಾನು ಪಕ್ಕದಲ್ಲಿ ಮೊಸರನ್ನದ ಪಾತ್ರೆ ಹಿಡಿದು ನಿಂತಿರುವ ಸಿಡುಕಿ. ಹೋದ ವಾರ ಒಬ್ಬರು ಆಂಟಿ ನನ್ನ ಕೈ ಹಿಡಿದುಕೊಂಡು, "ನಿಮ್ಮನೆಯವರಿಗಿರೋ ಮುಂದಾಲೋಚನೆ ನಮ್ಮನೆಯವರಿಗೆ ಇಲ್ಲಮ್ಮ" ಅಂದರು. ಅವತ್ತೇ ತೀರ್ಮಾನ ಮಾಡಿದೆ, ನಡೆದದ್ದನ್ನು ನಡೆದ ಹಾಗೆ ನಾನೇ ಬರೆಯಬೇಕು ಅಂತ.

ಮೊದಲು ಎರಡು ವಿಷಯ ಹೇಳಿಬಿಡುತ್ತೇನೆ.

ಒಂದು, ನಮ್ಮ ಮನೆಯ ಮಗ್‌ಗಳು. ಅಷ್ಟೂ ಬಿಟ್ಟಿ ಬಂದವು. ಇವರು ಹೋದ ಕಾನ್ಫರೆನ್ಸುಗಳಲ್ಲಿ ಕೊಟ್ಟವು, ಹಲ್ಲಿನ ಡಾಕ್ಟರು ಕೊಟ್ಟದ್ದು, ಇನ್ಶೂರೆನ್ಸಿನವರು ಕೊಟ್ಟದ್ದು. ಇಪ್ಪತ್ತೆರಡು ವರ್ಷದಿಂದ ನಾನು ಬೆಳಗಿನ ಕಾಫಿಯನ್ನು ಯಾವುದಾದರೊಂದು ಕಂಪನಿಯ ಹೆಸರನ್ನು ಮೂಗಿನ ನೇರಕ್ಕೆ ಓದುತ್ತಾ ಕುಡಿದಿದ್ದೇನೆ. ಅದರಲ್ಲಿ ಎರಡು ಕಂಪನಿ ಮುಚ್ಚಿಯೇ ಹೋದವು, ಮಗ್‌ಗಳು ಮಾತ್ರ ಗಟ್ಟಿಯಾಗಿವೆ. ನನಗೆ ಐವತ್ತು ತುಂಬಿದಾಗ ಮಗಳು ಕಾಲೇಜಿನಿಂದ ಫೋನ್ ಮಾಡಿ, "ಅಮ್ಮಾ, ವಾಟ್ ಡು ಯು ವಾಂಟ್?" ಅಂತ ಕೇಳಿದಳು. ಥಟ್ಟನೆ ಬಾಯಿಗೆ ಬಂದದ್ದು, "ಒಂದು ಕಪ್. ಯಾರ ಹೆಸರೂ ಇಲ್ಲದೆ ಇರೋ ಒಂದು ಕಪ್. ನಾನೇ ಆರಿಸಿ, ನಾನೇ ತಗೋಬೇಕು."

ಎರಡು, ಇವರ ಲೇಬಲ್ಲುಗಳು. ಈ ದೇಶದಲ್ಲಿ ದಾನ ಕೇಳುವ ಸಂಸ್ಥೆಗಳು ಕಾಗದದ ಜೊತೆಗೆ ಮನೆಯವರ ಹೆಸರು, ವಿಳಾಸ ಅಚ್ಚು ಹಾಕಿದ ಪುಟ್ಟ ಪುಟ್ಟ ಅಂಟುಚೀಟಿಗಳ ಹಾಳೆಯನ್ನೂ ಕಳಿಸುತ್ತವೆ. ಲಕೋಟೆಯ ಮೂಲೆಗೆ ಅಂಟಿಸಲಿ ಅಂತ. ಈಗ ಕಾಗದ ಬರೆಯುವವರು ಯಾರು? ಆದರೂ ಎಸೆಯಲು ಇವರಿಗೆ ಮನಸ್ಸು ಬಾರದು. ಸ್ನೋ ಶವೆಲ್‌ಗೆ ಒಂದು, ಛತ್ರಿಗೆ ಒಂದು, ಪಾಟ್‌ಲಕ್‌ಗೆ ಹೋಗುವ ಪ್ರತಿ ಡಬ್ಬಿಗೂ ಒಂದು. ಅದರಲ್ಲಿ ಇರುವುದು ಇವರ ಹೆಸರು ಮಾತ್ರ. ನಾನು ಮಾಡಿದ ಬಿಸಿಬೇಳೆ ಭಾತು ಇಪ್ಪತ್ತೆರಡು ವರ್ಷದಿಂದ ಇವರ ಹೆಸರಿನಲ್ಲೇ ಊರು ಸುತ್ತುತ್ತಿದೆ.

ಇಷ್ಟು ತಿಳಿದರೆ ಸಾಕು. ಇವರಿಗೆ ಒಸಾಕಾದಲ್ಲಿ ಆಫೀಸಿನ ಕೆಲಸ ಬಿತ್ತು. ಏರ್‌ಲೈನ್ ಮೈಲ್ಸ್ ಉಳಿದಿದ್ದರಿಂದ ನನ್ನ ಟಿಕೆಟ್ಟೂ ಬಿಟ್ಟಿ ಬಂತು. ಐದು ದಿನ ಹೋಟೆಲ್ ಕೋಣೆಯಲ್ಲಿ ನಾನೂ ಲಾಗಿನ್ ಆಗಿ ಆಫೀಸಿನ ಕೆಲಸ ಮಾಡಿದೆ. ಕೊನೆಯ ದಿನ ಒಂದೇ ಒಂದು ದಿನ ಕ್ಯೋಟೊ. ಬೆಳಿಗ್ಗೆ ಹೋಗಿ ಸಂಜೆ ವಾಪಸ್ಸು, ಮರುದಿನ ವಿಮಾನ. ನನಗೆ ಬೇಕಿದ್ದದ್ದು ಎರಡೇ. ಗಿಡಗಳಿಲ್ಲದೆ ಬರೀ ಕಲ್ಲು, ಜಲ್ಲಿಯಲ್ಲೇ ಮಾಡಿದ ಅಲ್ಲಿನ ಕಲ್ಲಿನ ತೋಟದ ಮುಂದೆ ಅರ್ಧ ಗಂಟೆ ಸುಮ್ಮನೆ ಕೂರುವುದು, ಮತ್ತು ಕಪ್.

ಛತ್ರಿ

ಕ್ಯೋಟೊ ಸ್ಟೇಷನ್ನಿನಲ್ಲಿ ಇಳಿದಾಗ ಮಳೆ ಹಿಡಿದು ಕೂತಿತ್ತು. ವಾರಕ್ಕೆ ಮೂರು ದಿನ ಸೀಕಾಕಸ್‌ನಲ್ಲಿ ರೈಲು ಬದಲಿಸಿ ಮ್ಯಾನ್‌ಹಟನ್‌ಗೆ ಕಮ್ಯೂಟ್ ಮಾಡುವ ನನಗೆ ಮಳೆಯೇನೂ ಹೊಸದಲ್ಲ. ಮಗಳು ಕೊಡಿಸಿದ ರೇನ್‌ಕೋಟು ಹಾಕಿಕೊಂಡೆ. ಇವರು ಬ್ಯಾಗಿನಿಂದ ಛತ್ರಿ ತೆಗೆದರು. ಯಾವುದೋ ಬ್ಯಾಂಕಿನವರು ಕೊಟ್ಟ ಬಿಟ್ಟಿ ಛತ್ರಿ. ಒಂದು ಕಡ್ಡಿ ಮುರಿದಿದೆ. ಮುರಿದ ಕಡೆಗೆ ಕೊತ್ತಂಬರಿ ಕಟ್ಟಿಗೆ ಸುತ್ತಿದ್ದ ತಂತಿ ಬಿಗಿದಿದ್ದಾರೆ. ಹಿಡಿಯ ಮೇಲೆ ಲೇಬಲ್ಲು.

ಮೊದಲ ಅಂಗಡಿಯ ಬಾಗಿಲಲ್ಲೇ ಜಗಳ. ಅಲ್ಲಿ ಎಲ್ಲರೂ ಛತ್ರಿಯನ್ನು ಹೊರಗಿನ ಸ್ಟ್ಯಾಂಡಿನಲ್ಲಿ ಸಿಕ್ಕಿಸಿ ಒಳಗೆ ಹೋಗುತ್ತಿದ್ದರು. ಇವರು ಬಿಲ್‌ಕುಲ್ ಒಪ್ಪಲಿಲ್ಲ.

"ಯಾರಾದ್ರೂ ಎತ್ಕೊಂಡು ಹೋದ್ರೆ?"

"ರೀ, ಅದನ್ನ ದುಡ್ಡು ಕೊಟ್ರೂ ಯಾರೂ ತಗೊಳಲ್ಲ."

"ನಿನಗೆ ಗೊತ್ತಿಲ್ಲ. ಗಾಳಿಗೆ ಗಟ್ಟಿ ಇದು."

ಅಷ್ಟರಲ್ಲಿ ಬಾಗಿಲ ಪಕ್ಕ ಒಂದು ಯಂತ್ರ ಇವರ ಕಣ್ಣಿಗೆ ಬಿತ್ತು. ಒದ್ದೆ ಛತ್ರಿಯನ್ನು ಅದರೊಳಗೆ ತೂರಿಸಿ ಎಳೆದರೆ ಉದ್ದನೆಯ ಪ್ಲಾಸ್ಟಿಕ್ ಚೀಲ ಹೊದ್ದು ಬರುತ್ತದೆ. ಇವರು ತೂರಿಸಿದರು, ಎಳೆದರು. ಚೀಲ ಬಿಚ್ಚಿ ಜೇಬಿಗೆ ಹಾಕಿಕೊಂಡು ಮತ್ತೆ ತೂರಿಸಿದರು. ಹಿಂದೆ ಐದಾರು ಜನರ ಸಾಲು ಬೆಳೆಯಿತು. ಎಲ್ಲರೂ ತಲೆ ಬಗ್ಗಿಸಿ ಕಾದರು. ನನಗೆ ನೆಲ ಬಿರಿಯಬಾರದೇ ಅನ್ನಿಸಿತು.

"ಏನ್ರೀ ಮಾಡ್ತಿದ್ದೀರ? ಎಷ್ಟು ಬೇಕು ನಿಮಗೆ?"

ಇವರು ಏಳನೆಯ ಚೀಲವನ್ನು ಬೆಳಕಿಗೆ ಹಿಡಿದು ಅದರ ಉದ್ದ ನೋಡುತ್ತಾ ತಣ್ಣಗೆ ಹೇಳಿದರು, "ಫ್ರಿಜ್ಜಿನಲ್ಲಿ ನುಗ್ಗೇಕಾಯಿ ಇಡೋಕೆ ಇಷ್ಟು ಕರೆಕ್ಟ್ ಸೈಜು ಅಮೆರಿಕದಲ್ಲಿ ಎಲ್ಲೂ ಸಿಗಲ್ಲ ಕಣೇ."

ಮೂಗು ಒರೆಸಿದ ಕಾಗದ

ಕಲ್ಲಿನ ತೋಟಕ್ಕೆ ಬಸ್ಸು ಹಿಡಿದೆವು. ಇಳಿದು ಹತ್ತು ಹೆಜ್ಜೆ ಹಾಕಿರಬಹುದು, ಹಿಂದಿನಿಂದ ಯಾರೋ ಕೂಗುತ್ತಾ ಓಡಿ ಬರುವ ಸದ್ದು. ತಿರುಗಿದರೆ ಎಪ್ಪತ್ತು ದಾಟಿದ ಒಬ್ಬ ಅಜ್ಜಿ. ತಲೆಯ ಮೇಲೆ ಛತ್ರಿ ಇಲ್ಲ, ಮಳೆಯಲ್ಲಿ ತೊಯ್ದುಹೋಗಿದ್ದಾರೆ. ಬಸ್ಸು ಅವರಿಗಾಗಿ ಬಾಗಿಲು ತೆರೆದುಕೊಂಡು ಕಾಯುತ್ತಿದೆ.

ಪಾಸ್‌ಪೋರ್ಟ್ ಬಿಟ್ಟುಬಂದೆವೇ? ಅಜ್ಜಿ ಏದುಸಿರು ಬಿಡುತ್ತಾ ಎರಡೂ ಕೈ ಮುಂದೆ ಚಾಚಿ, ಪ್ರಸಾದ ಕೊಡುವ ಹಾಗೆ, ಏನನ್ನೋ ಇವರ ಕೈಯಲ್ಲಿಟ್ಟರು. ನೋಡಿದರೆ ಇವರು ಮೂಗು ಒರೆಸಿ ಮುದ್ದೆ ಮಾಡಿದ್ದ ಟಿಶ್ಯೂ. ಸೀಟಿನ ಮೇಲೆ ಜೇಬಿನಿಂದ ಬಿದ್ದಿತ್ತಂತೆ.

ನಾನು ನಾಚಿಕೆಯಿಂದ ಕುಗ್ಗಿಹೋದೆ. ಅವರಿಗೆ ಹತ್ತು ಸಲ ತಲೆ ಬಗ್ಗಿಸಿದೆ. ಅಜ್ಜಿ ನನಗೆ ಹನ್ನೊಂದು ಸಲ ಬಗ್ಗಿಸಿ ಬಸ್ಸಿಗೆ ಓಡಿದರು. ನಮ್ಮ ಕಡೆ ರೈಲಿನಲ್ಲಿ ಬ್ಯಾಗು ಬಿಟ್ಟು ಎದ್ದರೆ ಪೊಲೀಸರನ್ನು ಕರೆಯುತ್ತಾರೆ. ಇಲ್ಲಿ ಮೂಗು ಒರೆಸಿದ್ದನ್ನು ಬಿಟ್ಟರೂ ಬೆನ್ನಟ್ಟಿ ಬರುತ್ತಾರೆ. ಇಂಥ ಊರಿನಲ್ಲಿ ಛತ್ರಿ ಕದಿಯುತ್ತಾರೆ ಅಂತ ಅಂಜಿದ್ದೀರಲ್ಲ ಅಂತ ಕೇಳೋಣವೆಂದು ತಿರುಗಿದೆ.

ಇವರು ಟಿಶ್ಯೂ ಬಿಡಿಸಿ ನೋಡುತ್ತಿದ್ದರು. "ಹೂಂ, ನಂದೇ" ಅಂದರು.

ಎಡಗಾಲು, ಬಲಗಾಲು

ಕಲ್ಲಿನ ತೋಟ ಇರುವುದು ಒಂದು ದೇವಾಲಯದ ಒಳಗೆ. ಬಾಗಿಲಲ್ಲೇ ಶೂ ಬಿಚ್ಚಿ ಗೂಡಿನಲ್ಲಿಟ್ಟು ಒಳಗೆ ಹೋಗಬೇಕು. "ನಿನ್ನ ಶೂ ಕೂಡ ನಾನೇ ಇಟ್ಟು ಬರ್ತೀನಿ, ನೀನು ಹೋಗಿ ಒಳ್ಳೆ ಜಾಗ ಹಿಡಿ" ಅಂದರು ಇವರು. ಮದುವೆಯಾಗಿ ಇಷ್ಟು ವರ್ಷಕ್ಕೆ ಎಂಥ ಮಾತು! ನನಗೆ ಕಣ್ಣು ತುಂಬಿ ಬಂತು. ಆಗಲೇ ಅನುಮಾನ ಬರಬೇಕಿತ್ತು.

ಜಗಲಿಯ ಮೇಲೆ ಕೂತೆ. ಮುಂದೆ ಗೆರೆ ಎಳೆದ ಬಿಳಿ ಜಲ್ಲಿ, ನಡುವೆ ಅಲ್ಲೊಂದು ಇಲ್ಲೊಂದು ಕಲ್ಲು, ಅದರ ಮೇಲೆ ಸಣ್ಣಗೆ ಮಳೆ. ಯಾರೂ ಮಾತಾಡುತ್ತಿರಲಿಲ್ಲ. ಎಷ್ಟೋ ವರ್ಷದ ಆಫೀಸು, ಅಡಿಗೆ, ಲಾಂಡ್ರಿ ಎಲ್ಲ ತಲೆಯಿಂದ ಇಳಿದುಹೋದ ಹಾಗಿತ್ತು. ಇವರು ಬಂದು ಪಕ್ಕದಲ್ಲಿ ಕೂತು ಪಿಸುಗುಟ್ಟಿದರು, "ಡ್ರೈವ್‌ವೇ ಪಕ್ಕ ನಾನು ಜಲ್ಲಿ ಸುರಿದಾಗ ಮಾತ್ರ ಬೈದೆ." ಐದು ನಿಮಿಷಕ್ಕೆ ಎದ್ದು ಹೋದರು. ಇನ್ನೈದು ನಿಮಿಷಕ್ಕೆ ವಾಪಸ್ಸು.

"ಶೂ ಚೆಕ್ ಮಾಡ್ಕೊಂಡು ಬಂದೆ. ಎಡಗಾಲಿಂದು ಎರಡೂ ಇದಾವೆ. ಬಲಗಾಲಿಂದು ಎರಡೂ ಇಲ್ಲ."

ಒಂದು ಕ್ಷಣ ಅರ್ಥವಾಗಲಿಲ್ಲ. ಆಮೇಲೆ ಹೊಳೆಯಿತು. ಮೈಸೂರಿನಲ್ಲಿ ದೇವಸ್ಥಾನಕ್ಕೆ ಹೋದಾಗ ಒಂದು ಚಪ್ಪಲಿ ಈ ಮೂಲೆಯಲ್ಲಿ, ಇನ್ನೊಂದು ಆ ಮೂಲೆಯಲ್ಲಿ ಬಿಡುವುದು ಇವರ ಮನೆತನದ ವಿದ್ಯೆ. ಒಂಟಿ ಚಪ್ಪಲಿಯನ್ನು ಯಾವ ಕಳ್ಳನೂ ಮುಟ್ಟುವುದಿಲ್ಲವಂತೆ. ನ್ಯೂಜೆರ್ಸಿಯ ದೇವಸ್ಥಾನದಲ್ಲೂ ಹಾಗೇ ಮಾಡುತ್ತಾರೆ. ಇಲ್ಲೂ ಅದನ್ನೇ ಮಾಡಿದ್ದಾರೆ, ನನ್ನ ಶೂಗಳನ್ನೂ ಸೇರಿಸಿ!

ಎದ್ದೆ. ಏಳದೆ ಏನು ಮಾಡಲಿ? ಕೌಂಟರಿನಲ್ಲಿ ನಮ್ಮ ಎರಡು ಬಲಗಾಲಿನ ಶೂಗಳು ಬಿಳಿ ಬಟ್ಟೆಯ ಮೇಲೆ ಕೂತಿದ್ದವು. ಒದ್ದೆ ಹೀರಲಿ ಅಂತ ಒಳಗೆ ಕಾಗದ ತುರುಕಿದ್ದರು. ಅಲ್ಲಿದ್ದ ಹಿರಿಯರು ಫೋನಿಗೆ ಜಪಾನಿಯಲ್ಲಿ ಮಾತಾಡಿ, ಅದು ಅನುವಾದಿಸಿದ್ದನ್ನು ಇಂಗ್ಲಿಷಿನಲ್ಲಿ ತೋರಿಸಿದರು. ಇಬ್ಬರು ಅತಿಥಿಗಳು ಒಂದೇ ಕಾಲಿಗೆ ಶೂ ಹಾಕಿಕೊಂಡು ಹೊರಟುಹೋಗಿದ್ದಾರೆ, ಅವರಿಗೆ ಏನೋ ಕಷ್ಟ ಬಂದಿರಬೇಕು, ಅವರನ್ನು ಹುಡುಕಿಕೊಂಡು ನಮ್ಮವರೊಬ್ಬರು ಬಸ್‌ಸ್ಟಾಪಿಗೆ ಓಡಿದ್ದಾರೆ ಅಂತ.

ಇವರು ಸುಮ್ಮನಿರಬಹುದಿತ್ತು. ಇಲ್ಲ. ಅವರ ಫೋನು ಇಸಕೊಂಡು ಕಳ್ಳರು, ದೇವಸ್ಥಾನ, ಎಡಗಾಲು, ಬಲಗಾಲು ಎಲ್ಲ ವಿವರಿಸಿದರು. ಹಿರಿಯರು ಓದಿದರು. ಮುಖ ಬಾಡಿತು. ನಮ್ಮ ದೇವಾಲಯದಲ್ಲಿ ನಿಮಗೆ ಕಳ್ಳರ ಭಯ ಬರುವಂತೆ ಆಯಿತಲ್ಲ, ಕ್ಷಮಿಸಬೇಕು ಅಂತ ಕೌಂಟರಿನಲ್ಲಿದ್ದ ಮೂವರೂ ಎದ್ದು ಸೊಂಟದ ಮಟ್ಟಕ್ಕೆ ಬಾಗಿದರು. ಅಷ್ಟರಲ್ಲಿ ಬಸ್‌ಸ್ಟಾಪಿಗೆ ಹೋಗಿದ್ದ ಹೆಂಗಸು ತೊಪ್ಪೆಯಾಗಿ ಬಂದರು. ವಿಷಯ ತಿಳಿದು ಅವರೂ ಬಾಗಿದರು. ನನ್ನ ಅರ್ಧ ಗಂಟೆ ಅಲ್ಲೇ ಮುಗಿಯಿತು.

ಹೊರಗೆ ಬಂದು ಸಿಟ್ಟಿನಿಂದ ಶೂಗೆ ಕಾಲು ತುರುಕಿದೆ. ಇವರು ಲೇಸು ಕಟ್ಟಿಕೊಳ್ಳುತ್ತಾ ತಲೆ ಎತ್ತಿ ಹೇಳಿದರು, "ಏನೇ ಅನ್ನು, ಶೂ ಕಳ್ಳತನ ಆಗಲಿಲ್ಲ ತಾನೆ?"

ಸೊಟ್ಟ ಕಪ್

ಒಂದು ಏರುಬೀದಿಯಲ್ಲಿ ಸಣ್ಣ ಅಂಗಡಿ. ಒಳಗೆ ಬರೀ ಮಣ್ಣಿನ ಪಾತ್ರೆಗಳು. ಒಡೆಯರು ವಯಸ್ಸಾದವರು, ಮೂಲೆಯಲ್ಲಿ ಏನೋ ಒರೆಸುತ್ತಾ ಕೂತಿದ್ದರು. ಒಳಗೆ ಕಾಲಿಟ್ಟ ಎರಡು ನಿಮಿಷಕ್ಕೇ ಅದು ಕಣ್ಣಿಗೆ ಬಿತ್ತು. ಮಳೆ ಬಿದ್ದ ಕಲ್ಲಿನ ಬಣ್ಣ. ಒಂದು ಕಡೆ ಸ್ವಲ್ಪ ವಾಲಿಕೊಂಡಿದೆ. ಕೈಯಲ್ಲಿ ಹಿಡಿದರೆ ಹೆಬ್ಬೆರಳು ಕೂರಲು ಒಂದು ತಗ್ಗು. ಸುತ್ತ ತಿರುಗಿಸಿ ನೋಡಿದೆ, ಎಲ್ಲೂ ಒಂದಕ್ಷರ ಇಲ್ಲ. ಇದೇ ನನ್ನದು ಅಂತ ಗೊತ್ತಾಯಿತು.

ಇವರು ಹತ್ತಿರ ಬಂದು ಕಣ್ಣು ಕಿರಿದು ಮಾಡಿ ನೋಡಿದರು. "ಸೊಟ್ಟ ಇದೆ."

"ಇರಲಿ."

"ಡಿಫೆಕ್ಟಿವ್ ಪೀಸ್ ಇದು. ಡಿಸ್ಕೌಂಟ್ ಕೇಳು."

"ರೀ, ದಯವಿಟ್ಟು."

ಕೇಳಿಯೇ ಬಿಟ್ಟರು. ಕಪ್ಪನ್ನು ಮೇಜಿನ ಮೇಲಿಟ್ಟು, ಬಗ್ಗಿ, ಅದು ಎಷ್ಟು ವಾಲಿದೆ ಅಂತ ಬೆರಳಿಟ್ಟು ತೋರಿಸಿದರು. ಅಂಗಡಿಯವರ ಮುಖ ಅರಳಿತು. ಎದ್ದು ಬಂದು ಇವರ ಕೈ ಕುಲುಕಿದರು. ಫೋನಿನಲ್ಲಿ ಹೀಗೆ ತೋರಿಸಿದರು: ನೀವು ಕಲೆಯ ಬೆಲೆ ಬಲ್ಲವರು. ಬೇರೆಯವರಿಗೆ ಇದು ಕಾಣುವುದಿಲ್ಲ. ಇದು ಸೊಟ್ಟ ಇರುವುದಕ್ಕೇ ಬೆಲೆ ಜಾಸ್ತಿ.

ಅಂಗಡಿಯವರು ಕಪ್ಪನ್ನು ಕಾಗದದಲ್ಲಿ ಸುತ್ತಿ, ಮೇಲೆ ಇನ್ನೊಂದು ಕಾಗದ ಸುತ್ತಿ, ದಾರ ಕಟ್ಟುವವರೆಗೆ ಇವರು ಯೋಚನೆ ಮಾಡುತ್ತಾ ನಿಂತಿದ್ದರು. ಆಮೇಲೆ ಮೆಲ್ಲಗೆ ಜೇಬಿಗೆ ಕೈ ಹಾಕಿ ಲೇಬಲ್ಲಿನ ಹಾಳೆ ತೆಗೆದರು.

"ಮುಟ್ಟಿದರೆ ನೋಡಿ!" ಅಂತ ನಾನು ಕಿರುಚಿದ ರಭಸಕ್ಕೆ ಕಪಾಟಿನ ಮೇಲಿನ ತಟ್ಟೆಗಳು ಅದುರಿರಬೇಕು. "ಇದೊಂದರ ಮೇಲೆ ನಿಮ್ಮ ಹೆಸರು ಬೇಡ. ಜಗತ್ತಿನಲ್ಲಿ ಇದೊಂದು ವಸ್ತು ನಂದು!"

ಇವರು ಹಾಳೆಯನ್ನು ವಾಪಸ್ ಇಟ್ಟುಕೊಂಡರು. ಪೆಚ್ಚು ಮುಖ ಮಾಡಿಕೊಂಡು ಬೀದಿಯ ಕೊನೆಯವರೆಗೂ ನನ್ನ ಹಿಂದೆಯೇ ಬಂದರು. ನನಗೂ ಸ್ವಲ್ಪ ಪಾಪ ಅನ್ನಿಸಿ, "ಏನು ಯೋಚನೆ?" ಅಂದೆ.

"ಏನಿಲ್ಲ. ನಮ್ಮ ಬೇಸ್‌ಮೆಂಟ್ ಗೋಡೆ ನಾನೇ ಕೈಯಾರೆ ಹಾಕಿದ್ದಲ್ವಾ, ಅದು ಇದಕ್ಕಿಂತ ಸೊಟ್ಟ ಇದೆ. ಅದರ ಬೆಲೆ ಎಷ್ಟಾಗಬಹುದು ಅಂತ."

ಡಬ್ಬಿ

ಸಂಜೆಯಾಗುತ್ತಾ ಬಂತು. ಸ್ಟೇಷನ್ನಿಗೆ ಹೋಗುವ ದಾರಿಯಲ್ಲಿ ಒಂದು ಉಪ್ಪಿನಕಾಯಿ ಅಂಗಡಿ, ಅದರ ಮಾಡಿನ ಕೆಳಗೆ ಬೆಂಚು. ಒಳಗೆ ಹೋಗಿ ಒಂದು ಪೊಟ್ಟಣ ಮೂಲಂಗಿ ಉಪ್ಪಿನಕಾಯಿ ಕೊಂಡು, ಅಂಗಡಿಯಾಕೆಯನ್ನು ಕೇಳಿಕೊಂಡು ಬೆಂಚಿನ ಮೇಲೆ ಕೂತೆವು. ಇವರು ಬ್ಯಾಗಿನಿಂದ ಡಬ್ಬಿ ತೆಗೆದರು. ಯಾವುದೋ ಹೋಟೆಲಿನಿಂದ ಟೇಕ್‌ಔಟ್ ತಂದಾಗ ಬಂದಿದ್ದ ಪ್ಲಾಸ್ಟಿಕ್ ಡಬ್ಬಿ. ಅರಿಶಿನದ ಕಲೆ ಹಿಡಿದು ಹಳದಿಯಾಗಿದೆ. ಮುಚ್ಚಳ ನಿಲ್ಲಲಿ ಅಂತ ರಬ್ಬರ್ ಬ್ಯಾಂಡು. ಮೇಲೆ ಲೇಬಲ್ಲು. ಒಳಗೆ, ಮನೆಯಿಂದ ತಂದ ಗೊಜ್ಜನ್ನು ಹೋಟೆಲಿನಲ್ಲಿ ಅನ್ನಕ್ಕೆ ಕಲಸಿದ್ದ ಪುಳಿಯೋಗರೆ.

ತಿಂದೆವು. ಡಬ್ಬಿಯ ತಳದಲ್ಲಿ ಎಣ್ಣೆ, ಕರಿಬೇವು, ನಾಲ್ಕು ಕಡಲೆಬೇಳೆ. ಎಸೆಯೋಣವೆಂದರೆ ಆ ಊರಿನ ಬೀದಿಯಲ್ಲಿ ಒಂದು ಕಸದ ಬುಟ್ಟಿ ಇಲ್ಲ. ಅವರವರ ಕಸ ಅವರವರ ಮನೆಗೆ ಒಯ್ಯಬೇಕು.

"ನಿನ್ನ ಬ್ಯಾಗಲ್ಲಿ ಇಟ್ಕೋ" ಅಂದರು ಇವರು. "ನನ್ನದರಲ್ಲಿ ಜಾಗ ಇಲ್ಲ."

ಯಾಕೆ ಇಲ್ಲ? ಡಬ್ಬಿಯ ಜಾಗಕ್ಕೆ ಜೇಬಿನಿಂದ ಇಳಿದಿದ್ದವು ನುಗ್ಗೇಕಾಯಿ ಚೀಲ! ನನ್ನ ಬ್ಯಾಗಿನಲ್ಲಿ ಕಪ್ ಇತ್ತು. ಅದರ ಪಕ್ಕಕ್ಕೆ ಎಣ್ಣೆ ಸೋರುವ ಡಬ್ಬಿಯೇ? ಕಪ್ಪಿನ ಪೊಟ್ಟಣವನ್ನು ಹೊರಗೆ ತೆಗೆದು ಬೆಂಚಿನ ಮೇಲಿಟ್ಟು, ಡಬ್ಬಿ ಹಿಡಿಸುತ್ತದೆಯೇ ಅಂತ ನೋಡಿದೆ. ಹಿಡಿಸಲಿಲ್ಲ. ಬೆಳಗಿನಿಂದ ತಡೆದುಕೊಂಡದ್ದೆಲ್ಲ ಒಮ್ಮೆಲೇ ನೆತ್ತಿಗೇರಿತು. ಇವರು ರೈಲಿನ ಟೈಮು ನೋಡುತ್ತಾ ಆ ಕಡೆ ತಿರುಗಿದಾಗ ಆ ದರಿದ್ರ ಡಬ್ಬಿಯನ್ನು ಬೆಂಚಿನ ಮೂಲೆಗೆ ತಳ್ಳಿ, ಬ್ಯಾಗು ಹೆಗಲಿಗೇರಿಸಿ ಬಿರಬಿರನೆ ನಡೆದೆ. ಜೀವನದಲ್ಲಿ ಮೊದಲ ಸಲ ಒಂದು ಡಬ್ಬಿಯಿಂದ ಬಿಡುಗಡೆ. ಹಾಯೆನಿಸಿತು.

ಒಸಾಕಾದ ರೈಲು ಹೊರಟಾಗ ಇವರು ಕೇಳಿದರು, "ಎಲ್ಲಿ, ನಿನ್ನ ಸೊಟ್ಟ ಕಪ್ ಇನ್ನೊಂದ್ಸಲ ತೋರಿಸು."

ಬ್ಯಾಗು ತೆರೆದೆ. ಮೂಲಂಗಿ ಉಪ್ಪಿನಕಾಯಿ ಇತ್ತು.

ಪಾರ್ಸೆಲ್

ಉಪ್ಪಿನಕಾಯಿ ಅಂಗಡಿಯ ಹೆಸರು ಗೊತ್ತಿಲ್ಲ, ಬೀದಿ ಗೊತ್ತಿಲ್ಲ, ಪೊಟ್ಟಣದ ಮೇಲೂ ಏನೂ ಬರೆದಿಲ್ಲ. ಬೆಳಿಗ್ಗೆಯೇ ವಿಮಾನ. ನಾನು ಅತ್ತೆ. ಐವತ್ತು ವರ್ಷದ ಹೆಂಗಸು ಒಂದು ಕಪ್ಪಿಗಾಗಿ ಒಸಾಕಾದಿಂದ ನೆವಾರ್ಕಿನವರೆಗೆ ಮೂಗು ಒರೆಸಿಕೊಳ್ಳುತ್ತಾ ಬಂದೆ. ಡಬ್ಬಿಯನ್ನು ಬೇಕೆಂದೇ ಬಿಟ್ಟದ್ದನ್ನು ಮಾತ್ರ ಇವರಿಗೆ ಹೇಳಲಿಲ್ಲ. ಮಗಳಿಗೆ ಗುಟ್ಟಾಗಿ ಹೇಳಿದೆ, ಸಮಾಧಾನ ಮಾಡುತ್ತಾಳೆ ಅಂತ. "ಅಮ್ಮಾ, ಟೆಕ್ನಿಕಲಿ ಯು ಲಿಟರ್ಡ್" ಅಂದಳು, ಬೀದಿಯಲ್ಲಿ ಕಸ ಎಸೆದವಳು ನಾನು ಅಂತ. ಸಾಕಿ ಸಲಹಿದ್ದಕ್ಕೆ ಇದು.

ಮತ್ತೆ ಹಳೆಯ ಮಗ್ಗು. ಬೆಳಗಾದರೆ ಮುಚ್ಚಿಹೋದ ಕಂಪನಿಯ ಹೆಸರು. ಇವರೂ ಎಂದಿನಂತೆ ರೇಗಿಸಲಿಲ್ಲ. ಒಂದು ದಿನ ಬಿಟ್ಟಿಯಲ್ಲದ, ದುಡ್ಡು ಕೊಟ್ಟ ಕಪ್ಪೊಂದನ್ನು ತಂದು ಮೇಜಿನ ಮೇಲಿಟ್ಟರು. ನೆಟ್ಟಗಿತ್ತು. ನಾನು ಮುಟ್ಟಲಿಲ್ಲ.

ಐದನೆಯ ವಾರ ಬಾಗಿಲಲ್ಲಿ ಒಂದು ಪಾರ್ಸೆಲ್ಲು, ಜಪಾನಿನ ಸ್ಟ್ಯಾಂಪು. ಪೆಟ್ಟಿಗೆ ಬಿಚ್ಚಿದೆ. ಕಾಗದ, ಕಾಗದದೊಳಗೆ ಕಾಗದ, ಅದರೊಳಗೆ ರೇಷ್ಮೆಯಂಥ ಬಟ್ಟೆಯ ಗಂಟು. ಗಂಟು ಬಿಚ್ಚಿದರೆ ನಮ್ಮ ಡಬ್ಬಿ! ಅರಿಶಿನದ ಕಲೆ ಸಹ ಹೋಗುವ ಹಾಗೆ ಉಜ್ಜಿ ತೊಳೆದಿದ್ದಾರೆ. ಲೇಬಲ್ಲಿಗೆ ಮಾತ್ರ ನೀರು ತಾಗಿಸಿಲ್ಲ. ರಬ್ಬರ್ ಬ್ಯಾಂಡು ಪುಟ್ಟ ಲಕೋಟೆಯಲ್ಲಿ ಬೇರೆಯಾಗಿದೆ. ಮುಚ್ಚಳ ತೆಗೆದರೆ ಒಳಗೆ, ಕಟ್ಟಿದ ದಾರವನ್ನೂ ಬಿಚ್ಚದೆ, ನನ್ನ ಕಪ್ಪಿನ ಪೊಟ್ಟಣ. ಸಂದಿಯಲ್ಲಿ ನಾಲ್ಕು ಸಕ್ಕರೆ ಮಿಠಾಯಿ. ಬರೀ ಡಬ್ಬಿ ವಾಪಸ್ ಕೊಡಬಾರದು ಅನ್ನುವುದು ಆಕೆಗೂ ಗೊತ್ತು!

ಜೊತೆಗೆ ಅಂಗಡಿಯಾಕೆಯ ಕಾಗದ, ಇಂಗ್ಲಿಷಿನಲ್ಲಿ, ಒಂದೊಂದೇ ಅಕ್ಷರ ಜೋಡಿಸಿ ಬರೆದದ್ದು. ಅದರ ಸಾರಾಂಶ ಇಷ್ಟು: ನಿಮ್ಮ ಅಮೂಲ್ಯವಾದ ಡಬ್ಬಿಯನ್ನು ನಮ್ಮಲ್ಲಿ ಮರೆತಿದ್ದೀರಿ. ಹೆಸರು, ವಿಳಾಸ ಅಚ್ಚು ಹಾಕಿಸಿದ್ದನ್ನು ನೋಡಿದರೆ ಇದು ಮನೆತನದ ಆಸ್ತಿ ಇರಬೇಕು. ಪಕ್ಕದಲ್ಲಿ ಬಿದ್ದಿದ್ದ ಸಣ್ಣ ಪೊಟ್ಟಣವೂ ನಿಮ್ಮದೇ ಇರಬಹುದೆಂದು ಒಳಗಿಟ್ಟಿದ್ದೇನೆ. ಇಲ್ಲದಿದ್ದರೆ ಕ್ಷಮಿಸಿ.

ಇವರು ಕಾಗದವನ್ನು ಎರಡು ಸಲ ಓದಿದರು. ನನ್ನ ಮುಖ ನೋಡಿದರು. "ಮರೆತಿದ್ದೀರಿ ಅಂತ ಬರೆದಿದ್ದಾರೆ. ಡಬ್ಬಿ ನಿನ್ನ ಕೈಲಿ ಇತ್ತಲ್ವಾ?"

ನಾನು ಕಪ್ಪನ್ನು ಎದೆಗೊತ್ತಿಕೊಂಡು ಅಡಿಗೆಮನೆಗೆ ನಡೆದೆ. ಏನು ಹೇಳಲಿ? ಇವರ ಲೇಬಲ್ಲು ಇಲ್ಲದಿದ್ದರೆ ನನ್ನ ಕಪ್ ನನಗೆ ಸಿಗುತ್ತಿರಲಿಲ್ಲ. ಈ ಅನ್ಯಾಯವನ್ನು ಯಾರ ಹತ್ತಿರ ಹೇಳಿಕೊಳ್ಳುವುದು? ಅವತ್ತಿನಿಂದ ಶುರುವಾಯಿತು ಪಾಟ್‌ಲಕ್‌ಗಳಲ್ಲಿ ಇವರ ಕಥಾಕಾಲಕ್ಷೇಪ.

ಮರುದಿನ ಬೆಳಿಗ್ಗೆ ಅದರಲ್ಲಿ ಕಾಫಿ ಕುಡಿದೆ. ಹೆಬ್ಬೆರಳು ತಗ್ಗಿನಲ್ಲಿ ಕೂತಿತು, ಓದಲು ಒಂದಕ್ಷರ ಇರಲಿಲ್ಲ. ಕಿಟಕಿಯಾಚೆ ಇವರ ಡ್ರೈವ್‌ವೇ ಜಲ್ಲಿಯ ಮೇಲೆ ಮಳೆ ಬೀಳುತ್ತಿತ್ತು. ಪೂರ್ತಿ ಅರ್ಧ ಗಂಟೆ ಕೂತೆ. ಇವರು ಮೆಟ್ಟಿಲ ಮೇಲೆ ಬಂದು ನಿಂತು, ನನ್ನನ್ನು ನೋಡಿ, ತುದಿಗಾಲಲ್ಲಿ ವಾಪಸ್ ಹೋದರು. ಮನುಷ್ಯ ಕೆಟ್ಟವರಲ್ಲ ಅನ್ನಿಸಿತು.

ಕಪ್ ತೊಳೆಯಲು ಸಿಂಕಿನಲ್ಲಿ ಮಗುಚಿದೆ. ತಳದಲ್ಲಿ ಲೇಬಲ್ಲು. ಅಚ್ಚಾಗಿದ್ದ ತಮ್ಮ ಹೆಸರನ್ನು ಹೊಡೆದು ಹಾಕಿ, ಮೇಲೆ ಬಾಲ್‌ಪೆನ್ನಿನಲ್ಲಿ ನನ್ನ ಹೆಸರು ಬರೆದಿದ್ದರು. ಅದರ ಕೆಳಗೆ ಇರುವೆ ಗಾತ್ರದ ಅಕ್ಷರದಲ್ಲಿ ಇನ್ನೊಂದು ಸಾಲು. ಕನ್ನಡಕ ಹಾಕಿಕೊಂಡು ಓದಿದೆ:

"ಸಿಕ್ಕಿದವರು ದಯವಿಟ್ಟು ಡಬ್ಬಿಯ ಸಮೇತ ಕಳಿಸಿಕೊಡಿ."